ಅಕ್ಕ ಊಟ ಕಲಿತ ಚಳಿಗಾಲ

ಡಿಸೆಂಬರ್ ಬಂತೆಂದರೆ ಕಡೂರಿನ ಬಸ್ ನಿಲ್ದಾಣದಿಂದ ನಮ್ಮ ಕಚೇರಿಗೆ ಹೋಗುವ ದಾರಿಯಲ್ಲಿ ಅವರೆಕಾಯಿ ಮೂಟೆಗಳು ಬಂದಿಳಿಯುತ್ತವೆ. ಇಬ್ಬನಿಯಲ್ಲಿ ಕಿತ್ತ ಕಾಯಿ ಚೀಲದೊಳಗೇ ಬೆಚ್ಚಗಾಗಿ, ಬಾಯಿ ಬಿಚ್ಚಿದ ಕೂಡಲೇ ಸೊಗಡು ರಸ್ತೆಗೆಲ್ಲ ಹರಡುತ್ತದೆ. ಹೋದ ವಾರ ಹಾಗೇ ಒಂದು ಮೂಟೆ ಬಿಚ್ಚುತ್ತಿದ್ದರು. ನಾನು ನಿಂತುಬಿಟ್ಟೆ. ಹಿಂದಿದ್ದ ಆಟೋದವನು ಹಾರ್ನ್ ಮಾಡಿ, "ಏನಪ್ಪಾ, ದಾರಿ ಮಧ್ಯ ನಿಂತ್ಕಂಡೆ?" ಎಂದ. ಪಕ್ಕಕ್ಕೆ ಸರಿದೆ. ಆದರೆ ಅಲ್ಲಿಂದ ಕಚೇರಿ ತಲುಪುವವರೆಗೂ ನಾನು ಕಡೂರಿನಲ್ಲಿರಲಿಲ್ಲ, ಅಜ್ಜಂಪುರದಲ್ಲಿದ್ದೆ. ಅಕ್ಕನೊಂದಿಗೆ ಕಳೆದ ಆ ಒಂದು ಚಳಿಗಾಲದಲ್ಲಿದ್ದೆ.

ನಾನು ಸರ್ವೇಯರ್. ಆಗ ಅಜ್ಜಂಪುರದಲ್ಲಿ ಕೆಲಸ. ಹೆಂಡತಿ ಲತಾ ಚಿಕ್ಕಮಗಳೂರಿನ ಒಂದು ಆಸ್ಪತ್ರೆಯಲ್ಲಿ ನರ್ಸ್. ಮಗಳ ಶಾಲೆಯೂ ಅಲ್ಲೇ ಆದ್ದರಿಂದ ಅವರಿಬ್ಬರೂ ಅಲ್ಲಿದ್ದರು. ಶನಿವಾರ ಸಂಜೆ ನಾನು ಹೋಗುವುದು, ಸೋಮವಾರ ಬೆಳಿಗ್ಗೆ ಬರುವುದು. ವಾರದ ಉಳಿದ ದಿನಗಳಲ್ಲಿ ನನ್ನ ಊಟ ಬೈಕಿನ ಮೇಲೆ ಎಂದರೂ ನಡೆಯುತ್ತದೆ. ಗಡಿ ಗುರುತಿಸುವ ಹದ್ದುಬಸ್ತಿನ ಅಳತೆಗೆ ಹೊಲಕ್ಕೆ ಹೋಗುವ ಮುಂಚೆ ಹೋಟೆಲಿನಲ್ಲಿ ನಿಂತುಕೊಂಡೇ ಇಡ್ಲಿ, ಬರುವಾಗ ಎಲ್ಲಿ ಹಸಿವಾಯಿತೋ ಅಲ್ಲಿ ಚಿತ್ರಾನ್ನ. ಏನು ತಿಂದೆ ಎಂದು ಸಂಜೆ ಕೇಳಿದರೆ ನೆನಪು ಮಾಡಿಕೊಳ್ಳಬೇಕಾಗಿತ್ತು. ಬಾಡಿಗೆ ಮನೆಯಲ್ಲಿ ಗ್ಯಾಸ್ ಒಲೆ ಇತ್ತು. ಅದರ ಮೇಲೆ ಟೀ ಬಿಟ್ಟರೆ ಬೇರೇನೂ ಕುದ್ದಿರಲಿಲ್ಲ.

ಅಕ್ಕ ಪಾರ್ವತಿ ನನಗಿಂತ ಬಹಳ ದೊಡ್ಡವಳು. ತರೀಕೆರೆಯಲ್ಲಿ ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ಅಡುಗೆಯವಳು. ಭಾವ ತೀರಿಕೊಂಡ ಮೇಲೆ ಸೇರಿದ ಕೆಲಸ ಅದು. ಮಕ್ಕಳಿರಲಿಲ್ಲ. ದೊಡ್ಡ ಪಾತ್ರೆಯಲ್ಲಿ ಅನ್ನ ಬಸಿಯುವುದು, ಗಂಟೆ ಹೊಡೆಯುವಷ್ಟರಲ್ಲಿ ಸಾರು ಇಳಿಸುವುದು, ಸಾಲು ನಿಂತ ತಟ್ಟೆಗಳಿಗೆ ಬಡಿಸುವುದು, ಇದರಲ್ಲಿ ಅವಳನ್ನು ಮೀರಿಸುವವರಿರಲಿಲ್ಲ. ತಾನು ಮಾತ್ರ ಪಾತ್ರೆ ತೊಳೆಯಲು ಹಾಕುವ ಮುಂಚೆ, ತಳದಲ್ಲಿ ಉಳಿದದ್ದನ್ನು ಸೌಟಿನಿಂದಲೇ ಕೈಗೆ ಹಾಕಿಕೊಂಡು ನುಂಗಿ ಕೈ ತೊಳೆಯುತ್ತಿದ್ದಳು. ನಾನೊಮ್ಮೆ ಹೋಗಿದ್ದಾಗ, "ಕೂತ್ಕಂಡು ಉಣ್ಣಕ್ಕ" ಎಂದಿದ್ದಕ್ಕೆ, "ಕೂತ್ರೆ ಏಳೋದು ಯಾರು?" ಎಂದು ನಕ್ಕಿದ್ದಳು.

ಆ ವರ್ಷ ಗೌರಿ ಹಬ್ಬ ಕಳೆದ ಮೇಲೆ ಒಂದು ಬೆಳಿಗ್ಗೆ ಉಪ್ಪಿಟ್ಟಿಗೆ ರವೆ ಹುರಿಯುತ್ತಿದ್ದವಳು ಹಾಗೇ ಗೋಡೆಗೆ ಒರಗಿ ಕುಸಿದಳು. ಲಕ್ವ. ಹಾಸ್ಟೆಲಿನವರು ಶಿವಮೊಗ್ಗದ ಆಸ್ಪತ್ರೆಗೆ ಸೇರಿಸಿ ನನಗೆ ಫೋನ್ ಮಾಡಿದರು. ನಾನು ಹೋದಾಗ ಬಲಗೈ ಬಲಗಾಲು ಬಿದ್ದುಹೋಗಿದ್ದವು, ಮಾತು ತೊದಲಿ ಏನೂ ಅರ್ಥವಾಗುತ್ತಿರಲಿಲ್ಲ. ಅದಕ್ಕಿಂತ ದೊಡ್ಡ ತೊಂದರೆ ನುಂಗುವುದರಲ್ಲಿತ್ತು. ಒಂದು ಚಮಚ ನೀರು ಕೊಟ್ಟರೂ ಅದು ಹೊಟ್ಟೆಗೆ ಹೋಗದೆ ಶ್ವಾಸಕೋಶದ ಕಡೆ ಹೋಗುತ್ತಿತ್ತು. ಮೂಗಿನಲ್ಲಿ ನಳಿಕೆ ಹಾಕಿ, ಅದರಲ್ಲೇ ಹಾಲು, ಗಂಜಿ ತಿಳಿ ಬಿಡುತ್ತಿದ್ದರು. ಅಷ್ಟು ವರ್ಷ ಊರ ಮಕ್ಕಳಿಗೆಲ್ಲ ಬೇಯಿಸಿ ಹಾಕಿದವಳು, ಪಕ್ಕದ ಹಾಸಿಗೆಯವರು ಊಟದ ಡಬ್ಬಿ ಬಿಚ್ಚಿದರೆ ಆ ಕಡೆ ತಲೆ ತಿರುಗಿಸಿ ನೋಡುತ್ತಿದ್ದಳು.

ದೀಪಾವಳಿಯ ಹೊತ್ತಿಗೆ ನಳಿಕೆ ತೆಗೆದರು. ನುಂಗುವುದನ್ನು ಕಲಿಸಲು ಒಬ್ಬ ತೆರಪಿಸ್ಟ್ ಹುಡುಗಿ ಬರುತ್ತಿದ್ದಳು. ಚಿಕ್ಕ ವಯಸ್ಸು, ಗಟ್ಟಿ ದನಿ. ನನ್ನನ್ನು ಎದುರಿಗೆ ಕೂರಿಸಿಕೊಂಡು ಹೇಳಿದಳು: "ಸರ್, ಅಮ್ಮಂಗೆ ಹಸಿವಿದೆ, ರುಚಿ ಗೊತ್ತಾಗುತ್ತೆ. ನುಂಗೋವಾಗ ಉಸಿರಿನ ದಾರಿ ಮಾತ್ರ ತಡವಾಗಿ ಮುಚ್ಕೊಳ್ತಿದೆ. ಅದು ತಡ ಮಾಡಿದಷ್ಟೇ ನೀವೂ ತಡ ಮಾಡ್ಬೇಕು. ನೆಟ್ಟಗೆ ಕೂರಿಸ್ಬೇಕು, ಚಿಕ್ಕ ಚಮಚದಲ್ಲಿ ಕೊಡ್ಬೇಕು. ಗಲ್ಲ ಎದೆಗೆ ತಾಗಿಸಿ ನುಂಗ್ಬೇಕು, ಖಾಲಿ ಬಾಯಲ್ಲಿ ಇನ್ನೊಂದ್ ಸಲ ನುಂಗ್ಬೇಕು, ಆಮೇಲೆ ಮುಂದಿನ ಚಮಚ. ಟಿವಿ ಇಲ್ಲ, ಫೋನ್ ಇಲ್ಲ, ಮಾತಿಲ್ಲ."

"ನೀರು?" ಎಂದು ಕೇಳಿದೆ.

"ನೀರೂ ಗಟ್ಟಿಯಾಗೇ ಇರ್ಬೇಕು. ಅದಕ್ಕೊಂದು ಪುಡಿ ಬರೆದುಕೊಡ್ತೀನಿ. ಅನ್ನದಗುಳು, ಕಾಳಿನ ಸಿಪ್ಪೆ, ನಾರು ಯಾವುದೂ ಬೇಡ. ಮುದ್ದೆ ಅಂತೂ ಬೇಡವೇ ಬೇಡ."

ಮುದ್ದೆ ಎಂದ ಕೂಡಲೇ ಅಕ್ಕ ಕಣ್ಣು ತೆರೆದಳು.

ಚಿಕ್ಕಮಗಳೂರಿನ ಮನೆ ಎರಡನೇ ಮಹಡಿಯಲ್ಲಿತ್ತು, ಲತಾಳದ್ದು ಪಾಳಿಯ ಕೆಲಸ. ಹಾಗಾಗಿ ಅಕ್ಕನನ್ನು ಅಜ್ಜಂಪುರಕ್ಕೇ ಕರೆತಂದೆ. ಶನಿವಾರ ನಾನು ಹೋಗುವ ಬದಲು ಲತಾಳೇ ಬಿಡುವಾದಾಗ ಬಂದುಹೋಗುತ್ತಿದ್ದಳು. ನನ್ನ ಮೇಲಧಿಕಾರಿ ಒಳ್ಳೆಯವರು. ಕೆಲವು ತಿಂಗಳು ಹೊಲದ ಕೆಲಸದಿಂದ ಬಿಡಿಸಿ ಕಚೇರಿಯೊಳಗಿನ ಕೆಲಸ ಕೊಟ್ಟರು. ಕಚೇರಿಗೂ ಮನೆಗೂ ನಡೆದುಹೋಗುವಷ್ಟೇ ದೂರ. ನಾನಿಲ್ಲದ ಹೊತ್ತು ಮನೆಯ ಯಜಮಾನಿ ರುದ್ರಮ್ಮನವರು ಬಂದು ಕೂರುತ್ತಿದ್ದರು. ಅವರದ್ದು ಈರುಳ್ಳಿ ವ್ಯಾಪಾರದ ಮನೆತನ, ವ್ಯಾಪಾರವನ್ನು ಮಕ್ಕಳಿಗೆ ಬಿಟ್ಟು ಅವರು ಪೂಜೆ, ಮೊಮ್ಮಕ್ಕಳು ಎಂದು ಆರಾಮಾಗಿದ್ದರು. "ನೀನ್ ಹೋಗು ಸೋಮಣ್ಣ, ನಾನೇನ್ ಮಾಡದೈತೆ ಮನೇಲಿ? ಇಲ್ಲಿ ಕೂತ್ರೂ ಅಷ್ಟೇ, ಅಲ್ಲಿ ಕೂತ್ರೂ ಅಷ್ಟೇ" ಎಂದರು.

ಇನ್ನು ಅಡುಗೆ. ಹೋಟೆಲಿನದು ಅಕ್ಕನಿಗೆ ಆಗುವುದಿಲ್ಲ. ನಾನೇ ಮಾಡಬೇಕು. ಮೊದಲ ದಿನ ರಾಗಿ ಗಂಜಿ ಮಾಡಲು ಕುದಿಯುವ ನೀರಿಗೆ ನೇರವಾಗಿ ಹಿಟ್ಟು ಸುರಿದೆ. ಗೋಲಿಯಂಥ ಗಂಟುಗಳು ಎದ್ದವು. ಬಾಗಿಲ ಬಳಿ ಕುರ್ಚಿಯಲ್ಲಿ ಕೂತಿದ್ದ ಅಕ್ಕ ಎಡಗೈ ಎತ್ತಿ ಎತ್ತಿ ಬೀಸಿದಳು. ಬೇಡ ಎನ್ನುತ್ತಿದ್ದಾಳೋ, ಬೇಗ ತಿರುವು ಎನ್ನುತ್ತಿದ್ದಾಳೋ ತಿಳಿಯಲಿಲ್ಲ. ನಾನು ಜೋರಾಗಿ ತಿರುವಿದೆ. ಗಂಟು ಇನ್ನೂ ಹೆಚ್ಚಾದವು. ಅಕ್ಕ ಕೈಗೆ ಸಿಕ್ಕ ಚಮಚ ಎಸೆದಳು. ಅದು ಫ್ರಿಡ್ಜಿಗೆ ಬಡಿದು ಬಿತ್ತು.

ಎರಡನೆಯ ಸಲ ಹಿಟ್ಟನ್ನು ತಣ್ಣೀರಲ್ಲಿ ಕಲಸಿ, ಸಣ್ಣ ಉರಿಯಲ್ಲಿ ಕೈ ಬಿಡದೆ ತಿರುವಿದೆ. ಫೋನ್ ಬಂತು, ತೆಗೆದುಕೊಳ್ಳಲು ಹೋದೆ, ಅಷ್ಟರಲ್ಲಿ ತಳ ಹಿಡಿಯಿತು. ಮೂರನೆಯ ಸಲ ಫೋನನ್ನು ಒಳಕೋಣೆಯಲ್ಲಿಟ್ಟು ಬಂದೆ. ಹಿಟ್ಟು ಬೂದು ಬಣ್ಣದಿಂದ ಕಂದು ಬಣ್ಣಕ್ಕೆ ತಿರುಗುವುದು, ಗುಳ್ಳೆ ಒಡೆಯುವ ಸದ್ದು ದಪ್ಪವಾಗುವುದು, ಹಸಿ ವಾಸನೆ ಹೋಗಿ ಬೆಂದ ವಾಸನೆ ಬರುವುದು, ಇವೆಲ್ಲ ನಿಂತು ನೋಡಿದರೆ ಮಾತ್ರ ಗೊತ್ತಾಗುವಂಥವು. ಚಮಚ ಓರೆ ಮಾಡಿದರೆ ಗಂಜಿ ಹರಿಯಬಾರದು, ಮೆಲ್ಲಗೆ ಜಾರಿ ಬೀಳಬೇಕು. ಅಕ್ಕ ಎಡಗೈ ಬೆರಳು ಅದ್ದಿ ನೋಡಿ ತಲೆ ಆಡಿಸಿದಳು. ಆ ಒಂದು ಬಟ್ಟಲು ಮುಗಿಸಲು ನಮಗೆ ಒಂದು ಗಂಟೆಯ ಮೇಲೆ ಹಿಡಿಯಿತು.

ಊಟ ಮಾಡಿಸುವುದರಲ್ಲಿ ಇನ್ನೊಂದು ಕಷ್ಟ ಇತ್ತು. ನಾನು ಬೇಗ ಉಂಡು ಎದ್ದರೆ ಅಕ್ಕ ಅವಸರ ಮಾಡುತ್ತಿದ್ದಳು. ಎದುರಿಗಿದ್ದವರು ಕಾಯುತ್ತಿದ್ದಾರೆಂದರೆ ತಾನೂ ಮುಗಿಸಿಬಿಡಬೇಕು, ಅದು ಅವಳ ಮೈಯಲ್ಲೇ ಕೂತಿತ್ತು. ಹಾಸ್ಟೆಲಿನಲ್ಲಿ ಗಂಟೆಗೂ ಗಂಟೆಗೂ ನಡುವೆ ಬದುಕಿದವಳು. ಎರಡನೇ ಸಲ ನುಂಗುವ ಮುಂಚೆಯೇ ಬಾಯಿ ತೆರೆಯುವಳು, ಕೆಮ್ಮು ಬರುವುದು. ಹಾಗಾಗಿ ನಾನು ತಟ್ಟೆ ಹಾಕಿಕೊಂಡು ಅವಳ ಪಕ್ಕದಲ್ಲೇ ಕೂತು, ಅವಳಿಗೊಂದು ಚಮಚ, ನನಗೊಂದು ತುತ್ತು ಎಂದು ಜೊತೆಗೇ ಉಣ್ಣಲು ಶುರುಮಾಡಿದೆ. ಅವಳು ನುಂಗುವವರೆಗೆ ನಾನೂ ಅಗಿಯುತ್ತಿರಬೇಕು. ಮೊದಲ ಕೆಲವು ದಿನ ದವಡೆ ನೋವು ಬಂತು. ಕಾಲು ಕುಣಿಯುತ್ತಿತ್ತು, ಕಣ್ಣು ಗಡಿಯಾರಕ್ಕೆ ಹೋಗುತ್ತಿತ್ತು. ಗಡಿಯಾರವನ್ನು ತೆಗೆದು ಹಜಾರದಲ್ಲಿ ಹಾಕಿದೆ. ಆಮೇಲಾಮೇಲೆ ಒಂದೊಂದೇ ತಿಳಿಯತೊಡಗಿತು. ನಾನು ಮಾಡುವ ಸಾರಿಗೆ ಉಪ್ಪು ಜಾಸ್ತಿ, ಅರ್ಧ ಊಟಕ್ಕೇ ನನ್ನ ಹೊಟ್ಟೆ ತುಂಬಿರುತ್ತದೆ, ಉಳಿದರ್ಧ ಅಭ್ಯಾಸಕ್ಕೆ ತಿನ್ನುತ್ತಿದ್ದೇನೆ ಎನ್ನುವಂಥ ಸಣ್ಣ ಸಂಗತಿಗಳು.

ಸಂತೆಗೂ ಹೀಗೇ ಹೋಗಬೇಕಾಯಿತು. ಮುಂಚೆ ನನ್ನ ಸಂತೆ ಎಂದರೆ ಬೈಕ್ ನಿಲ್ಲಿಸದೆ, ಒಂದು ಕಾಲು ನೆಲಕ್ಕೂರಿ, "ಒಂದ್ ಕೆಜಿ ಹಾಕಮ್ಮ" ಎನ್ನುವುದಷ್ಟೆ. ಈಗ ಅಕ್ಕನ ಗಂಟಲು ಲೆಕ್ಕಕ್ಕೆ ಬಂತು. ಹೀರೇಕಾಯಿ ಎಳೆಯದಿರಬೇಕು. ಬಲಿತರೆ ನಾರು. ಸಿಹಿಗುಂಬಳ ಬೆಂದರೆ ಕರಗಬೇಕು. ಆಲೂಗಡ್ಡೆ ಹೊಸದಾದರೆ ಅಂಟು, ಸ್ವಲ್ಪ ಹಳೆಯದಾದರೆ ಹಿಟ್ಟಿನಂತೆ ಪುಡಿಯಾಗುತ್ತದೆ, ಅದು ಬೇಕು. ಒಂದು ದಿನ ಕುಂಬಳಕಾಯಿ ಹೋಳುಗಳನ್ನು ಒಂದೊಂದೇ ಎತ್ತಿ ಬೆಳಕಿಗೆ ಹಿಡಿಯುತ್ತಿದ್ದೆ. ಮಾರುವ ಹೆಂಗಸಿಗೆ ನಗು ತಡೆಯಲಾಗಲಿಲ್ಲ.

"ಏನಣ್ಣ, ಹೆಣ್ ನೋಡೋಕ್ ಬಂದೋರಂಗೆ ನೋಡ್ತೀಯಲ್ಲ?"

"ನಮ್ಮಕ್ಕಂಗೆ ಕಣಮ್ಮ. ಹುಷಾರಿಲ್ಲ. ನಾರಿದ್ರೆ ಗಂಟ್ಲಲ್ಲಿ ಸಿಕ್ಕಾಕ್ಕಂಡ್ಬಿಡುತ್ತೆ."

ಅವಳ ನಗು ನಿಂತಿತು. "ಮದ್ಲೇ ಹೇಳ್ಬಾರ್ದಾ" ಎಂದು, ಮುಂದಿದ್ದುದನ್ನೆಲ್ಲ ಸರಿಸಿ ಹಿಂದಿನಿಂದ ಇನ್ನೊಂದು ಕಾಯಿ ತೆಗೆದು ಕೊಯ್ದು ಕೊಟ್ಟಳು. ಮುಂದಿನ ವಾರದಿಂದ ನಾನು ಹೋದ ಕೂಡಲೇ, "ಅಕ್ಕ ಹೆಂಗವ್ಳೆ?" ಎಂದು ಕೇಳಿಯೇ ತಕ್ಕಡಿ ಹಿಡಿಯುತ್ತಿದ್ದಳು.

ಅವರೆಕಾಯಿ ಬಂದದ್ದು ಆಗ. ಸಂತೆಯ ಒಂದು ಬದಿಗೆ ಬದಿಯೇ ಹಸಿರು. ಸಿಪ್ಪೆ ಇರುವ ಕಾಳು ಅಕ್ಕನಿಗೆ ಕೊಡುವಂತಿರಲಿಲ್ಲ. ಆದರೆ ಸಿಪ್ಪೆ ತೆಗೆದ ಬೇಳೆ? ಕಾಳನ್ನು ರಾತ್ರಿ ನೆನೆಹಾಕಿ, ಬೆಳಿಗ್ಗೆ ಎರಡು ಬೆರಳಲ್ಲಿ ಹಿತುಕಿದರೆ ಬೇಳೆ ಚಿಮ್ಮಿ ಹೊರಬರುತ್ತದೆ. ಒಂದು ಬಟ್ಟಲು ಬೇಳೆಗೆ ಒಂದು ಬೆಳಗು ಬೇಕು. ಹಿಂದಾಗಿದ್ದರೆ ಅಷ್ಟು ಪುರುಸೊತ್ತು ಯಾರಿಗಿದೆ ಎನ್ನುತ್ತಿದ್ದೆ. ಆ ಭಾನುವಾರ ನೆನೆದ ಕಾಳಿನ ಪಾತ್ರೆಯನ್ನು ಅಕ್ಕನ ಎದುರಿಗಿಟ್ಟು, ಅವಳ ಬಲಗೈಯನ್ನು ಎತ್ತಿ ಅದರ ಮೇಲಿಟ್ಟೆ.

ಬೆರಳು ಬಗ್ಗಲಿಲ್ಲ. ಕಾಳು ಜಾರಿ ಜಾರಿ ಬಿತ್ತು. ಅಕ್ಕ ಸಿಟ್ಟಿನಿಂದ ಎಡಗೈಗೆ ಬದಲಾಯಿಸಿದಳು. ನಾನು ಮತ್ತೆ ಬಲಗೈಯನ್ನೇ ಇಟ್ಟೆ. ಬಿಸಿಲು ಹೊಸಿಲು ದಾಟಿ ಒಳಗೆ ಬರುವ ಹೊತ್ತಿಗೆ ಒಂದು ಕಾಳು ಅವಳ ಹೆಬ್ಬೆರಳು ತೋರುಬೆರಳ ನಡುವೆ ನಿಂತಿತು. ಒತ್ತಿದಳು. ಬೇಳೆ ಚಿಮ್ಮಿ ಹೋಗಿ ರುದ್ರಮ್ಮನವರ ಕೆನ್ನೆಗೆ ಬಡಿಯಿತು.

"ಅಯ್ಯೋ ಶಿವನೇ! ಪಾರ್ವತಮ್ಮ, ನನ್ ಕಣ್ ತೆಗೀತಿದ್ಯಲ್ಲ!"

ಅಕ್ಕ ನಕ್ಕಳು. ಲಕ್ವ ಹೊಡೆದ ಮೇಲೆ ನಾನು ಕೇಳಿದ ಮೊದಲ ನಗು ಅದು. ಬಾಯಿ ಒಂದು ಕಡೆಗೆ ಎಳೆದಿದ್ದರೂ ದನಿ ಹಳೆಯದೇ.

ಆಮೇಲೆ ದಿನವೂ ಅವಳಿಗೆ ಕೆಲಸ ಸಿಕ್ಕಿತು. ಬೆಳಿಗ್ಗೆ ನಾನು ಕಚೇರಿಗೆ ಹೊರಡುವ ಮುಂಚೆ ಪಾತ್ರೆ ಇಟ್ಟು ಹೋಗುತ್ತಿದ್ದೆ. ಮಧ್ಯಾಹ್ನ ಬರುವಷ್ಟರಲ್ಲಿ ಒಂದು ಹಿಡಿ, ಬರಬರುತ್ತಾ ಎರಡು ಹಿಡಿ ಬೇಳೆ ಹಿತುಕಿರುತ್ತಿದ್ದಳು. ಮಾತೂ ತುಸು ತುಸುವೇ ತಿರುಗತೊಡಗಿತು. ಎರಡು ಮೂರು ಪದ. "ಉಪ್ಪು ಕಡ್ಮೆ." "ಉರಿ ಸಣ್ಣ ಮಾಡೋ." ಬೇಳೆಯನ್ನು ಬೇಯಿಸಿ ನುಣ್ಣಗೆ ಮಸೆದು, ತೆಂಗಿನಕಾಯಿ ಹಾಲು ಹಾಕಿ, ಇಂಗಿನ ಒಗ್ಗರಣೆ ಕೊಡುತ್ತಿದ್ದೆ. ಅಕ್ಕನಿಗೂ ಅದು ಹೊಸ ಅಡುಗೆಯೇ. ಅಷ್ಟು ಮಕ್ಕಳಿಗೆ ಬೇಳೆ ಹಿತುಕುತ್ತ ಕೂತರೆ ಹಾಸ್ಟೆಲು ನಡೆಯುತ್ತದೆಯೇ? ಇಬ್ಬರಿಗೆ ಎಷ್ಟು ಹುಳಿ ಬೇಕು ಎನ್ನುವುದು ಅವಳಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ಹಾಕಿ ನೋಡುವುದು, ತಪ್ಪಿದರೆ ಇಬ್ಬರೂ ಮುಖ ಕಿವುಚಿ ಉಣ್ಣುವುದು.

ರಾಗಿ ಕಣ ಮುಗಿದ ಮೇಲೆ ಯಗಟಿಯಿಂದ ನಮ್ಮ ಚಿಕ್ಕಪ್ಪನ ಮಗ ಬಸವರಾಜ, ಅವನ ಹೆಂಡತಿ ಅಕ್ಕನನ್ನು ನೋಡಲು ಬಂದರು. ಹೊಸ ರಾಗಿಹಿಟ್ಟು, ಒಂದು ಚೀಲ ತೆಂಗಿನಕಾಯಿ ತಂದಿದ್ದರು. ಬಸವರಾಜನ ಹೆಂಡತಿ ಸೀದಾ ಅಡುಗೆಮನೆಗೆ ಹೋಗಿ ಮುದ್ದೆ ಕಟ್ಟಿದಳು. ಹೊಸ ರಾಗಿಯ ವಾಸನೆ ಮನೆಯೆಲ್ಲ ತುಂಬಿತು. ಎಲ್ಲರೂ ಹಜಾರದಲ್ಲಿ ಕೂತೆವು. ಅಕ್ಕನ ಎದುರು ಗಂಜಿ ಬಟ್ಟಲು, ಪಕ್ಕದಲ್ಲಿ ಬಸವರಾಜ. ನಾನು ಇನ್ನಷ್ಟು ಸಾರು ತರಲು ಒಳಗೆ ಹೋದೆ. ಬಸವರಾಜ ಹೆಂಡತಿಯ ಕಡೆ ತಿರುಗಿ ಏನೋ ಹೇಳುತ್ತಿದ್ದನಂತೆ. ಅಕ್ಕ ಎಡಗೈ ಚಾಚಿ ಅವನ ತಟ್ಟೆಯಿಂದ ಒಂದು ಉಂಡೆ ಮುರಿದು, ಸಾರಿಗೆ ಅದ್ದಿ, ಬಾಯಿಗೆ ಹಾಕಿಕೊಂಡು ನುಂಗಿದಳಂತೆ. ನಮ್ಮ ಕಡೆ ಮುದ್ದೆಯನ್ನು ಅಗಿಯುವುದಿಲ್ಲವಲ್ಲ. ನುಂಗುವುದೇ ಅದರ ಪದ್ಧತಿ.

"ಸೋಮು, ಬಾರೋ ಇಲ್ಲಿ!" ಎಂದು ಬಸವರಾಜ ಕೂಗಿದ. ಬಂದು ನೋಡಿದರೆ ಅಕ್ಕನ ಕಣ್ಣುಗುಡ್ಡೆಗಳು ಹೊರಬಂದಂತಿದ್ದವು, ಸದ್ದೇ ಇರಲಿಲ್ಲ. ತುಟಿ ನೀಲಿಯಾಗುತ್ತಿತ್ತು. ಲತಾ ಕಲಿಸಿಕೊಟ್ಟಿದ್ದಂತೆ ಮುಂದಕ್ಕೆ ಬಗ್ಗಿಸಿ, ಬೆನ್ನ ನಡುವೆ ಅಂಗೈಯಿಂದ ಬಲವಾಗಿ ಹೊಡೆದೆ. ಮತ್ತೆ ಹೊಡೆದೆ. ಉಂಡೆ ಹೊರಗೆ ಬಿತ್ತು. ಅಕ್ಕ ಕೆಮ್ಮಿದಳು, ಉಸಿರೆಳೆದುಕೊಂಡಳು. ಬಸವರಾಜನ ಹೆಂಡತಿ ಅಳತೊಡಗಿದಳು. ಆ ಮಧ್ಯಾಹ್ನ ಯಾರೂ ಮತ್ತೆ ಊಟಕ್ಕೆ ಕೂರಲಿಲ್ಲ.

ಉಂಡೆ ಹೊರಬಂದಿತ್ತು, ಆದರೆ ಸಾರು ಒಳಗೆ ಇಳಿದಿತ್ತು. ಎರಡು ದಿನದಲ್ಲಿ ಜ್ವರ ಏರಿತು, ಎದೆ ಗೊರಗುಟ್ಟಿತು. ಮತ್ತೆ ಶಿವಮೊಗ್ಗ, ಮತ್ತೆ ಮೂಗಿಗೆ ನಳಿಕೆ. ನ್ಯುಮೋನಿಯಾ. ಜ್ವರ ಇಳಿದ ಮೇಲೆ ಡಾಕ್ಟರು ನನ್ನನ್ನೂ ಲತಾಳನ್ನೂ ಕರೆದು, ಹೊಟ್ಟೆಗೇ ನೇರವಾಗಿ ಒಂದು ನಳಿಕೆ ಕೂರಿಸಬಹುದು, ಬಾಯಿಯಿಂದ ಕೊಡುವ ಗೊಡವೆ ಇರುವುದಿಲ್ಲ, ಯೋಚನೆ ಮಾಡಿ ಎಂದರು.

ಲತಾಗೆ ಯೋಚಿಸುವಂಥದ್ದೇನೂ ಕಾಣಲಿಲ್ಲ. ಹೊರಗೆ ಬೆಂಚಿನ ಮೇಲೆ ಕೂತಾಗ ಹೇಳಿದಳು: "ರೀ, ವಾರ್ಡಿನಲ್ಲಿ ನಾನು ಇಂಥವ್ರನ್ನ ಎಷ್ಟು ಜನಾನ್ನ ನೋಡಿದೀನಿ. ಒಂದ್ಸಲ ಉಳ್ಕೊಂಡ್ರು. ಎರಡನೇ ಸಲ ಉಳ್ಕೊಳ್ತಾರೆ ಅಂತ ಹೇಳೋಕಾಗಲ್ಲ. ನಳಿಕೆ ಹಾಕ್ಸಿ. ಜೀವ ಮುಖ್ಯ."

ಅವಳ ಮಾತು ಸರಿಯಾಗಿತ್ತು. ನಾನು ಒಪ್ಪಿದೆ. ಇಬ್ಬರೂ ಒಳಗೆ ಹೋಗಿ ಅಕ್ಕನಿಗೆ ಹೇಳಿದೆವು. ಅವಳು ಪೂರ್ತಿ ಕೇಳಿಸಿಕೊಂಡಳು. ಆಮೇಲೆ ಲತಾಳ ಕೈ ಹಿಡಿದು, ಒಂದೊಂದೇ ಮಾತು ಕಿತ್ತು ತೆಗೆದವಳಂತೆ ಹೇಳಿದಳು.

"ನಳಿಕೆ ಬ್ಯಾಡ ಕಣಮ್ಮ. ನಾನ್ ಕಲೀತೀನಿ. ಮುದ್ದೆ ನುಂಗಿದ್ದು... ಹಸಿವಿಗಲ್ಲ. ಎಲ್ರ ಜೊತೆ ಉಣ್ಣಣ ಅಂತ."

ಲತಾ ಅವಳ ಹೊದಿಕೆ ಸರಿಮಾಡಿದಳು. ಆಮೇಲೆ ಹೊರಗೆ ಬಂದು, "ನೀವೇನಂತೀರಿ?" ಎಂದಳು.

"ಅವಳು ಕಲೀತೀನಿ ಅಂತಾಳೆ."

"ನಿಮಗೆ ಆಗುತ್ತಾ? ದಿನಾ ಮೂರು ಹೊತ್ತು, ಒಂದೊಂದು ಗಂಟೆ?"

"ಆಗ್ಲೇ ಅದೇ ತಾನೇ ಮಾಡ್ತಿರೋದು."

ತೆರಪಿಸ್ಟ್ ಹುಡುಗಿ ಮತ್ತೊಮ್ಮೆ ಪರೀಕ್ಷೆ ಮಾಡಿ, ಗಂಟಲು ಮೊದಲಿಗಿಂತ ಚುರುಕಾಗಿದೆ, ಆತುರ ಮಾಡದಿದ್ದರೆ ಬಾಯಿಯಿಂದಲೇ ಕೊಡಬಹುದು ಎಂದ ಮೇಲೆ ಡಾಕ್ಟರೂ ಒಪ್ಪಿದರು. ಆದರೆ ಲತಾ ಒಂದು ಮಾತು ಹೇಳಿಯೇ ಬಸ್ಸು ಹತ್ತಿದಳು: ಮತ್ತೊಂದು ಸಲ ಹೀಗಾದರೆ ನಳಿಕೆಯೇ, ಆಗ ಯಾರ ಮಾತೂ ಇಲ್ಲ.

ಅಲ್ಲಿಂದ ಮುಂದೆ ಅಕ್ಕ ಬದಲಾದಳು. ಮುಂಚೆ ನಿಧಾನ ಮಾಡಿಸುತ್ತಿದ್ದವನು ನಾನು, ಈಗ ಅವಳೇ. ಎರಡನೇ ಸಲ ನುಂಗಿ ಆಗದೆ ಬಾಯಿ ತೆರೆಯುತ್ತಿರಲಿಲ್ಲ. ಊಟಕ್ಕೆ ಕೂತಾಗ ಯಾರಾದರೂ ಬಂದರೆ ಎಡಗೈ ಎತ್ತಿ ತೋರಿಸುವಳು. ಬಂದವರು ಹೊರಗಿನ ಜಗುಲಿಯಲ್ಲಿ ಕಾಯಬೇಕು. ರುದ್ರಮ್ಮನವರೂ ಕಾಯುತ್ತಿದ್ದರು. ಪೂಜೆಯಾಗದೆ ನೀರೂ ಮುಟ್ಟದ ಅವರಿಗೆ ಇದು ವಿಚಿತ್ರವೆನಿಸಲಿಲ್ಲ. "ಅವ್ಳ ಪೂಜೆ ಆಗ್ತೈತೆ, ತಡೀರಿ" ಎಂದು ಬೇರೆಯವರನ್ನೂ ಕೂರಿಸಿಕೊಳ್ಳುತ್ತಿದ್ದರು.

ಸಂಕ್ರಾಂತಿ ಕಳೆದ ಮೇಲೆ ಅಕ್ಕ ಕೋಲೂರಿಕೊಂಡು ನಡೆಯಲು ಶುರುಮಾಡಿದಳು. ಸಂತೆಗೂ ಬಂದಳು. ಕುಂಬಳಕಾಯಿ ಮಾರುವ ಹೆಂಗಸು ಗೋಣಿಚೀಲ ಮಡಚಿ ಹಾಕಿ ಕೂರಿಸಿದಳು. ಹಾಸ್ಟೆಲಿಗೆ ತರಕಾರಿ ಮೂಟೆಯಲ್ಲಿ ಬರುತ್ತಿತ್ತು. ಒಂದೊಂದನ್ನು ಕೈಯಲ್ಲಿ ಹಿಡಿದು ಆರಿಸಿದವಳಲ್ಲ ಅಕ್ಕ. ಅಲ್ಲಿ ಕೂತು ಒಂದು ಬದನೆಕಾಯಿಯನ್ನು ಬಲಗೈಯಲ್ಲಿ ಹಿಡಿದು, ತೊಟ್ಟು ತಿರುಗಿಸಿ, ಹೆಬ್ಬೆರಳಿನಿಂದ ಒತ್ತಿ ನೋಡಿ, ಪಕ್ಕಕ್ಕಿಟ್ಟು ಇನ್ನೊಂದನ್ನು ಎತ್ತಿಕೊಂಡಳು. ನಾನು ಅವಸರಪಡಿಸಲಿಲ್ಲ. ಆ ದಿನ ಸಂತೆಯಿಂದ ಮನೆಗೆ ತಂದದ್ದು ನಾಲ್ಕು ಬದನೆಕಾಯಿ, ಒಂದು ಕಟ್ಟು ಸೊಪ್ಪು. ಬೇಕಾದದ್ದೂ ಅಷ್ಟೇ.

ಶಿವರಾತ್ರಿಯ ಹೊತ್ತಿಗೆ ತೆರಪಿಸ್ಟ್ ಹುಡುಗಿ ಅನ್ನಕ್ಕೆ ಒಪ್ಪಿಗೆ ಕೊಟ್ಟಳು. ಮುದ್ದೆಗೆ ಮಾತ್ರ ಬಹಳ ಹೊತ್ತು ಯೋಚಿಸಿ, "ಮೆತ್ತಗೆ ಮಾಡಿ, ಬೆರಳ ತುದಿಯಷ್ಟು, ಅಗಿದು ತಿಂತೀನಿ ಅಂದ್ರೆ ಮಾತ್ರ" ಎಂದಳು. ಅಕ್ಕ ಅವಳ ಎದುರಿಗೇ ಆಣೆ ಮಾಡಿದಳು.

ಮನೆಗೆ ಬಂದು ಮುದ್ದೆ ಮಾಡಿದೆ. ಕೋಲು ಹಾಕಿ ತಿರುವುವಾಗ ಅಕ್ಕ ಪಕ್ಕದಲ್ಲೇ ನಿಂತಿದ್ದಳು. ಕೂತು, ಬಲಗೈಯಿಂದಲೇ ಬೆರಳ ತುದಿಯಷ್ಟು ಮುರಿದು, ಬಾಯಿಗೆ ಹಾಕಿಕೊಂಡು ಅಗಿಯತೊಡಗಿದಳು. ಹುಟ್ಟಿದಾಗಿನಿಂದ ಮುದ್ದೆ ಉಂಡವಳು, ಒಂದು ದಿನವೂ ಹಲ್ಲಿಗೆ ತಾಗಿಸಿದವಳಲ್ಲ. ಬಹಳ ಹೊತ್ತು ಅಗಿದಳು. ಗಲ್ಲ ಎದೆಗೆ ತಾಗಿಸಿ ನುಂಗಿದಳು. ಮತ್ತೊಮ್ಮೆ ನುಂಗಿದಳು. ಕೆಮ್ಮಲಿಲ್ಲ. ಊಟದ ನಡುವೆ ಮಾತಾಡಬಾರದೆಂಬ ನಿಯಮವನ್ನು ಅವಳೇ ಮುರಿದು, ಅಚ್ಚರಿಯಿಂದ ನನ್ನ ಕಡೆ ತಿರುಗಿದಳು.

"ರಾಗಿ ಸೀ ಐತೆ ಕಣೋ ಸೋಮು."

ನಾನೂ ಒಂದು ತುತ್ತು ಅಗಿದು ನೋಡಿದೆ. ಹೌದು. ಅಗಿದಷ್ಟೂ ಸಿಹಿ.

ಯುಗಾದಿ ಮುಗಿದ ಮೇಲೆ ನನಗೆ ಕಡೂರಿಗೆ ವರ್ಗವಾಯಿತು. ಮತ್ತೆ ಹೊಲ ಸುತ್ತುವ ಕೆಲಸ. ಅಕ್ಕನನ್ನು ಚಿಕ್ಕಮಗಳೂರಿಗೆ ಕರೆದುಕೊಂಡು ಹೋಗುವುದೆಂದು ಲತಾ ನೆಲಮಹಡಿಯ ಬೇರೆ ಮನೆಯನ್ನೂ ನೋಡಿಟ್ಟಿದ್ದಳು. ಅಕ್ಕ ಒಪ್ಪಲಿಲ್ಲ.

"ನಾನಿಲ್ಲೇ ಇರ್ತೀನಿ. ರುದ್ರಮ್ಮ ಮಗ್ಗುಲಲ್ಲೇ ಅವ್ಳೆ. ಸಂತೆ ಹತ್ರ ಐತೆ. ನಂದು ನಾನ್ ಬೇಯಿಸ್ಕಂಡು ತಿಂತೀನಿ."

"ಒಬ್ಳೇ ಉಣ್ಣುವಾಗ ಸಿಕ್ಕಾಕ್ಕಂಡ್ರೆ ಏನ್ ಮಾಡ್ತೀಯಕ್ಕ?" ಎಂದೆ.

"ನೀವೆಲ್ಲ ಇದ್ದಾಗ್ಲೇ ಸಿಕ್ಕಾಕ್ಕಂಡಿದ್ದು" ಎಂದಳು. ನಗುತ್ತಲೇ ಹೇಳಿದಳು. ಆದರೆ ನಿರ್ಧಾರ ಮಾಡಿಯಾಗಿತ್ತು. "ಹಾಸ್ಟೆಲ್ನಾಗೆ ಗಂಟೆ ಹೇಳ್ದಂಗೆ ಬಾಳ್ದೆ. ಇಲ್ಲಿ ನೀನ್ ಹೇಳ್ದಂಗೆ. ಇನ್ ಸ್ವಲ್ಪ ದಿನ ನಾನ್ ಹೇಳ್ದಂಗೆ ಇರ್ತೀನಿ ಕಣೋ."

ಫೋನಿನಲ್ಲಿ ಲತಾ ಬಹಳ ಹೊತ್ತು ವಾದಿಸಿದಳು. ಬೀಳಬಹುದು, ಮತ್ತೆ ಲಕ್ವ ಹೊಡೆಯಬಹುದು, ಗಂಟಲು ಯಾವಾಗ ಕೈಕೊಡುತ್ತದೋ ಹೇಳಲಾಗದು. ಒಂದೂ ಸುಳ್ಳಲ್ಲ. ಕೊನೆಗೆ, "ದಿನಾ ಮಧ್ಯಾಹ್ನ ಫೋನ್ ಮಾಡಿ ವಿಚಾರಿಸ್ಕೊಳ್ಳಿ, ಒಂದು ದಿನ ಎತ್ತದೇ ಇದ್ರೂ ಹೋಗಿ ಕರ್ಕೊಂಡು ಬರ್ತೀನಿ" ಎಂದು ಪಟ್ಟು ಸಡಿಲಿಸಿದಳು.

ಕಡೂರಿನಲ್ಲಿ ಕೆಲಸಕ್ಕೆ ಹಾಜರಾದ ದಿನ ಯಗಟಿ ಕಡೆಯ ಒಂದು ಹೊಲಕ್ಕೆ ಅಳತೆಗೆ ಕಳಿಸಿದರು. ಮಧ್ಯಾಹ್ನ ಬಿಸಿಲು ನೆತ್ತಿಗೆ ಬಂದಿತ್ತು. ತೆಂಗಿನ ಮರದ ನೆರಳಿಗೆ ಸರಿದು ಅಕ್ಕನಿಗೆ ಫೋನ್ ಮಾಡಿದೆ. ರಿಂಗಾಯಿತು, ಎತ್ತಲಿಲ್ಲ. ಮತ್ತೆ ಮಾಡಿದೆ. ಎತ್ತಲಿಲ್ಲ. ಅಳತೆಯ ಸರಪಳಿ ಹಿಡಿದಿದ್ದವನಿಗೆ ತಡಿ ಎಂದು ಸನ್ನೆ ಮಾಡಿ ರುದ್ರಮ್ಮನವರಿಗೆ ಮಾಡಿದೆ. ಅವರೂ ಕೂಡಲೇ ಎತ್ತಲಿಲ್ಲ. ಅಲ್ಲಿಂದ ಅಜ್ಜಂಪುರಕ್ಕೆ ಯಾವ ಬಸ್ಸು ಹಿಡಿಯಬೇಕು, ಬೈಕಿನಲ್ಲಿ ಎಷ್ಟು ಹೊತ್ತು ಎಂದು ಲೆಕ್ಕ ಹಾಕುವಷ್ಟರಲ್ಲಿ ಅವರೇ ತಿರುಗಿ ಮಾಡಿದರು.

"ಸ್ವಲ್ಪ ನೋಡಿ ಅಮ್ಮಾ, ಅಕ್ಕ ಫೋನ್ ಎತ್ತುತ್ತಿಲ್ಲ."

ಅವರು ಚಪ್ಪಲಿ ಎಳೆದುಕೊಂಡು ಹೋಗುವ ಸದ್ದು, ಕದ ತಳ್ಳುವ ಸದ್ದು ಕೇಳಿಸಿತು. ಆಮೇಲೆ ಏನೂ ಇಲ್ಲ. ಆಮೇಲೆ ಅವರ ದನಿ, ತಗ್ಗಿಸಿಕೊಂಡು.

"ಉಣ್ತಾ ಕೂತವ್ಳೆ ಕಣಪ್ಪ. ಫೋನ್ ಆ ಕಡೆ ಬಡ್ಕಂತಿದ್ರೂ ತಿರುಗಿ ನೋಡ್ಲಿಲ್ಲ. ನನಗೂ ಕೈ ಎತ್ತಿ ತೋರ್ಸಿದ್ಲು. ನಾನ್ ಹೊರಗ್ ಬಂದೆ. ಈಗಿನ್ನೂ ಅರ್ಧ ಆಗೈತೆ ತಟ್ಟೆ."

ಫೋನ್ ಇಟ್ಟು ಅಲ್ಲೇ ಬದುವಿನ ಮೇಲೆ ಕೂತೆ. ಸರಪಳಿಯವನು ಏನಾಯ್ತು ಸಾರ್ ಎಂದ. ಏನಿಲ್ಲ, ಊಟದ ಹೊತ್ತು ಎಂದೆ.

ಬಹಳ ಹೊತ್ತಿನ ನಂತರ ಅಕ್ಕನೇ ಮಾಡಿದಳು. ದನಿ ಆರಾಮಾಗಿತ್ತು.

"ಯಾಕ್ಲಾ ಅಷ್ಟ್ ಸಲ ಮಾಡಿದ್ದೆ?"

"ಸುಮ್ನೆ ಕಣಕ್ಕ. ಊಟ ಆಯ್ತಾ ಅಂತ."

"ಆಯ್ತು. ನಿಂದು?"

"ಇನ್ನೂ ಇಲ್ಲ."

"ಮತ್ತೆ ಫೋನ್ ಇಟ್ಟು ಉಣ್ಣೋ" ಎಂದು ಅವಳೇ ಇಟ್ಟಳು.